ನೂರಕ್ಕೆ ಎಪ್ಪತ್ತೆಂಟು

ನಮ್ಮ ಸಭೆಯ ಯೌವನಸ್ಥರ ಕೂಟದಲ್ಲಿ ಖಜಾಂಚಿ ಆಗೋದಕ್ಕೆ ಯಾರೂ ಮುಂದೆ ಬರೋದಿಲ್ಲ. ಹಾಡು ಬರುವವರು ಕ್ವಾಯರ್‌ಗೆ ಹೋಗುತ್ತಾರೆ, ಮಾತು ಬರುವವರು ಕಾರ್ಯದರ್ಶಿ ಆಗುತ್ತಾರೆ, ಎರಡೂ ಬಾರದವರ ಕೈಗೆ ರಸೀದಿ ಪುಸ್ತಕ ಬರುತ್ತದೆ. ನಾನು ಆಫೀಸಿನಲ್ಲಿ ದಿನವಿಡೀ ಬೇರೆಯವರ ಖರ್ಚಿನ ಬಿಲ್ಲುಗಳನ್ನು ನೋಡಿ ಸಂಬಳ ತಗೊಳ್ಳುವವಳು. ಹಾಗಾಗಿ ನನ್ನನ್ನು ಕೇಳಲೂ ಇಲ್ಲ. ‘ನಿಂಗೆ ಎಕ್ಸೆಲ್ ಬರುತ್ತಲ್ಲಾ, ನೀನೇ ನೋಡ್ಕೋ’ ಅಂದರು, ಅಷ್ಟೇ.

ಆ ವರ್ಷ ಕೂಟಕ್ಕೆ ಒಂದು ಆಸೆ ಹುಟ್ಟಿತು. ಮಿಷನ್ ಟ್ರಿಪ್. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಪಟ್ಟಣದ ಚರ್ಚಿನ ಒಂದು ಗುಂಪು ಮೂರು ನಾಲ್ಕು ದಿನ ಒಂದು ಹಳ್ಳಿಗೋ ಹಾಸ್ಟೆಲ್‌ಗೋ ಹೋಗಿ, ಮಕ್ಕಳಿಗೆ ಹಾಡು ಆಟ ಕಲಿಸಿ, ಗೋಡೆಗೆ ಬಣ್ಣ ಬಳಿದು, ಏನಾದರೂ ಕೊಟ್ಟು ಬರುವುದು. ನಮ್ಮ ಅಯ್ಯನೋರಿಗೆ ಗದಗ ಜಿಲ್ಲೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ ಪರಿಚಯವಿತ್ತು. ನಲವತ್ತಾರು ಹುಡುಗಿಯರು, ಒಬ್ಬ ವಾರ್ಡನ್, ಒಬ್ಬ ಅಡುಗೆಯವರು. ಹದಿನಾರು ಜನ ಕೈ ಎತ್ತಿದರು. ದಸರಾ ರಜೆಗೆ ಹೋಗೋಣ ಅಂತ ತೀರ್ಮಾನ ಆಯಿತು, ಯಾಕಂದರೆ ಆಗ ಒಂದೇ ದಿನ ಲೀವ್ ಹಾಕಿದರೆ ಸಾಕು.

ನಾನು ಅದೇ ರಾತ್ರಿ ಶೀಟ್ ತೆರೆದೆ. ಬೆಂಗಳೂರಿನಿಂದ ಗದಗಕ್ಕೆ ತ್ರೀ ಎಸಿ, ಹದಿನಾರು ಜನ, ಹೋಗಿ ಬರಲು 30,400. ಗದಗದ ಲಾಡ್ಜ್‌ನಲ್ಲಿ ಎಂಟು ರೂಮು, ಎರಡು ರಾತ್ರಿ, 24,000. ಮೂರು ದಿನಕ್ಕೆ ಟೆಂಪೊ ಟ್ರಾವೆಲರ್ 16,500. ಊಟ ತಿಂಡಿ 19,200. ಟೀ ಶರ್ಟ್, ಹಿಂದೆ ಕೂಟದ ಹೆಸರು ಮುಂದೆ ಒಂದು ವಚನ, ಇಪ್ಪತ್ತು ಪೀಸ್, 7,000. ಬ್ಯಾನರ್, ಮೈಕು, ಫೋಟೊ ಅಂತ 5,000. ಆಮೇಲೆ ಮಕ್ಕಳಿಗೆ ಅರವತ್ತು ಗಿಫ್ಟ್ ಕಿಟ್ 18,000, ಮೆಡಿಕಲ್ ಕ್ಯಾಂಪಿಗೆ ಮಾತ್ರೆ ಔಷಧಿ 10,000. ಒಟ್ಟು 1,30,100 ರೂಪಾಯಿ.

ಶೀಟ್ ಚೆಂದವಾಗೇ ಇತ್ತು. ಕಲರ್ ಕೂಡ ಹಾಕಿದ್ದೆ. ಭಾನುವಾರ ಆರಾಧನೆ ಮುಗಿದ ಮೇಲೆ ಹಾಲ್‌ನಲ್ಲಿ ಪ್ರೊಜೆಕ್ಟರ್ ಮೇಲೆ ತೋರಿಸಿದೆವು. ಸಭೆಯವರು ಕಾಣಿಕೆ ಕೊಡಬೇಕು ಅಂತ ಕೇಳಿಕೊಂಡೆವು. ನಮ್ಮ ಸಭೆ ಕೊಡುವುದರಲ್ಲಿ ಹಿಂದೆ ಬೀಳುವುದಲ್ಲ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿ ಎರಡು ಸಾವಿರಕ್ಕೆ ಹೋದದ್ದನ್ನು ನೋಡಿದ್ದೇನೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ರಿಟೈರ್ಡ್ ಟೀಚರಮ್ಮ ಎದ್ದು ನಿಂತರು. ಅವರು ಪಿಂಚಣಿ ಬಂದ ತಿಂಗಳ ಮೊದಲ ಭಾನುವಾರ ಕವರಿನಲ್ಲಿ ಐನೂರು ರೂಪಾಯಿ ತಪ್ಪದೆ ಹಾಕುವವರು. ಬೈಯುವ ದನಿ ಅಲ್ಲ, ನಿಜವಾಗಿ ತಿಳಿಯಲು ಕೇಳಿದರು: ‘ಅಲ್ಲಮ್ಮಾ, ನಾನು ನೂರು ರೂಪಾಯಿ ಕೊಟ್ಟರೆ ಅದರಲ್ಲಿ ಆ ಮಕ್ಕಳಿಗೆ ಎಷ್ಟು ಹೋಗುತ್ತೆ?’

ಲೆಕ್ಕ ಕಷ್ಟದ್ದೇನಲ್ಲ. ಕಿಟ್ಟು ಮತ್ತು ಔಷಧಿ ಸೇರಿ 28,000. ಮಿಕ್ಕ 1,02,100 ನಮಗೇ. ನೂರಕ್ಕೆ ಎಪ್ಪತ್ತೆಂಟು ನಮ್ಮ ಪ್ರಯಾಣಕ್ಕೆ, ನಿದ್ದೆಗೆ, ಊಟಕ್ಕೆ, ಟೀ ಶರ್ಟಿಗೆ. ನನ್ನ ಬಾಯಿಂದ ‘ಸುಮಾರು ಇಪ್ಪತ್ತೆರಡು ಆಂಟಿ’ ಅಂತ ಬಂತು. ಅವರು ‘ಓ’ ಅಂದು ಕೂತರು. ಆ ‘ಓ’ ಮನೆ ತನಕ ನನ್ನ ಜೊತೆ ಬಂತು.

ಆಫೀಸಿನಲ್ಲಿ ಯಾವುದಾದರೂ ಸಂಸ್ಥೆ ಹೀಗೆ ಖರ್ಚು ಮಾಡಿದ್ದರೆ ನಾನೇ ಕೆಂಪು ಗೆರೆ ಎಳೆಯುತ್ತಿದ್ದೆ. ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ, ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕು ಅನ್ನುವ ಮಾತು ಬರುತ್ತದೆ. ಸಂಡೇ ಸ್ಕೂಲಿನಿಂದ ಕೇಳುತ್ತಾ ಬಂದಿದ್ದೇನೆ. ಕೂತು ಲೆಕ್ಕ ಹಾಕಿದ್ದೇನೋ ನಿಜ, ಆದರೆ ಗೋಪುರ ಯಾರಿಗೆ ಅಂತ ನಾನು ನೋಡಿರಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ಗದಗದ ಕಡೆಯವಳೇ, ಹೈಸ್ಕೂಲನ್ನು ಅಂಥದೇ ಒಂದು ಹಾಸ್ಟೆಲ್‌ನಲ್ಲಿ ಓದಿದವಳು. ಹೊಲಿಗೆ ಮಾಡುತ್ತಿದ್ದಳು. ಪಕ್ಕದಲ್ಲಿದ್ದ ಒಂದು ಹಸಿರು ಪ್ಲಾಸ್ಟಿಕ್ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. ಸೂಜಿ ದಾರ ಇಡುವ ಡಬ್ಬಿ, ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ.

‘ಇದು ಏನು ಹೇಳು.’

‘ಸೂಜಿ ಡಬ್ಬಿ.’

‘ಅಲ್ಲ, ಸೋಪಿನ ಡಬ್ಬಿ. ನಾನು ಎಂಟನೆತ್ತ ಇದ್ದಾಗ ಬೆಂಗಳೂರಿಂದ ಒಂದು ಗುಂಪು ಬಂದಿತ್ತು. ಎಲ್ಲರಿಗೂ ಒಂದೊಂದು ಸೋಪಿನ ಡಬ್ಬಿ ಕೊಟ್ಟರು. ಸೋಪು ಕೊಡಲಿಲ್ಲ.’

ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಅವಳು ಹೇಳಿದ ಮಾತಿಗೆ ನಗು ಬರಲಿಲ್ಲ. ಆ ಗುಂಪಿನಲ್ಲಿ ಒಬ್ಬ ಅಕ್ಕ ಇವಳ ಪಕ್ಕ ಕೂತು ಇಡೀ ಮಧ್ಯಾಹ್ನ ಇಂಗ್ಲಿಷ್ ಪಾಠ ಹೇಳಿಕೊಟ್ಟಳಂತೆ. ಹೋಗುವಾಗ ವಿಳಾಸ ಬರೆದುಕೊಂಡು ‘ಕಾಗದ ಬರೀತೀನಿ, ಮುಂದಿನ ವರ್ಷ ಬರ್ತೀನಿ’ ಅಂದಳಂತೆ. ಅಮ್ಮ ಒಂದು ವರ್ಷ ಪೂರ್ತಿ ಪೋಸ್ಟ್‌ಮನ್ ಬಂದಾಗಲೆಲ್ಲ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ‘ಗುಂಪುಗಳು ಬರ್ತಾನೇ ಇದ್ದವು, ವರ್ಷಕ್ಕೊಂದೆರಡು. ಬಂದವರೇ ತಿರುಗಿ ಬಂದದ್ದು ನಾನು ನೋಡಲಿಲ್ಲ’ ಅಂದು ದಾರ ಕಚ್ಚಿದಳು.

ಮರುದಿನ ಲಂಚ್ ಬ್ರೇಕಿನಲ್ಲಿ ಹಾಸ್ಟೆಲ್‌ಗೆ ಫೋನ್ ಮಾಡಿದೆ. ನೋಡಿ, ಲಕ್ಷ ರೂಪಾಯಿಯ ಶೀಟ್ ಮಾಡುವ ಮೊದಲು ಮಾಡಬೇಕಿದ್ದ ಫೋನು ಅದು. ವಾರ್ಡನ್ ಅಕ್ಕಾರು ನಾವು ಬರುವ ತಾರೀಕು ಕೇಳಿ ಒಂದು ಕ್ಷಣ ಸುಮ್ಮನಾದರು.

‘ದಸರಾ ಸೂಟಿಯಾಗ ಹುಡುಗ್ಯಾರೆಲ್ಲಾ ಊರಿಗೆ ಹೊಕ್ಕಾರ್ರೀ ತಂಗಿ. ನಾ ಒಬ್ಬಾಕೀನ ಇರ್ತೀನಿ. ನನಗ ಡ್ಯಾನ್ಸ್ ಕಲಿಸ್ತೀರೇನು?’

ತಾರೀಕು ನವೆಂಬರಿಗೆ ಹೋಯಿತು. ಗೋಡೆಗೆ ನಾವೇ ಬಣ್ಣ ಹೊಡೀತೀವಿ ಅಂದೆ. ‘ಇಲ್ಲಿ ಒಂಬತ್ತನೆತ್ತ ಹುಡುಗಿ ಅಪ್ಪ ಗೌಂಡಿ ಅದಾನ್ರೀ, ಬಣ್ಣಾನೂ ಹಚ್ತಾನ. ಅವನ ಕೂಲಿ ನೀವ್ಯಾಕ ಕಸಗೋತೀರಿ?’ ಮೆಡಿಕಲ್ ಕ್ಯಾಂಪ್ ಅಂದೆ. ‘ಡಾಕ್ಟರ್ ಯಾರು ಬರ್ತಾರ್ರಿ?’ ನಮ್ಮ ಗುಂಪಿನಲ್ಲಿ ಇದ್ದದ್ದು ಒಬ್ಬ ಫಿಸಿಯೊಥೆರಪಿಸ್ಟ್, ಐದು ಜನ ಸಾಫ್ಟ್‌ವೇರಿನವರು. ಮಾತ್ರೆಗಳ 10,000ದ ಸಾಲು ಅಲ್ಲೇ ಅಳಿಸಿಹೋಯಿತು.

ಏನು ಬೇಕು ಅಂತ ಕೇಳಿದರೆ ಮಾತ್ರ ಅವರಿಂದ ಉತ್ತರ ಬರಲಿಲ್ಲ. ‘ಏನ್ ತಂದ್ರೂ ಚೊಲೋನ ರೀ. ಕೊಡೋರ ಕೈ ನಾವು ಹಿಡಿಯೂದಲ್ಲ.’ ಇದು ಮರ್ಯಾದೆಯ ಮಾತು. ಈ ಮರ್ಯಾದೆಯೇ ಎಷ್ಟು ಸೋಪಿನ ಡಬ್ಬಿಗಳಿಗೆ ದಾರಿ ಮಾಡಿದೆಯೋ. ಮೂರನೇ ಸಲ ಫೋನ್ ಮಾಡಿದಾಗ ನಾನು ಪ್ರಶ್ನೆ ಬದಲಿಸಿದೆ. ‘ಅಕ್ಕಾರೇ, ನಿಮ್ಮನ್ನ ರಾತ್ರಿ ಮಲಗೋಕೆ ಬಿಡದೆ ಇರೋ ಚಿಂತೆ ಯಾವುದು?’

ಆಗ ಹೇಳಿದರು. ‘ಸಂಡಾಸದ ಬಾಗಲಾ ಕೊಳತಾವ್ರಿ, ನಾಕೂ. ಒಬ್ಬಾಕಿ ಒಳಗ ಹೋದ್ರ ಇನ್ನೊಬ್ಬಾಕಿ ಹೊರಗ ಚಾದರ ಹಿಡಕೊಂಡು ನಿಂದರ್ತಾಳ. ಅಲ್ಲಿಗೆ ಹೋಗೋ ದಾರಿಯಾಗ ಲೈಟ್ ಇಲ್ಲ. ಮೋಟರ್ ಸುಟ್ಟು ಎರಡು ತಿಂಗಳಾತು, ಕೊಡದಾಗ ನೀರು ಹೊರತಾರ.’

ನನ್ನ ಅರವತ್ತು ಕಿಟ್ಟಿನಲ್ಲಿ ಏನಿತ್ತು ಗೊತ್ತಾ? ಸ್ಟಿಕ್ಕರ್, ಬಣ್ಣದ ಪೆನ್ಸಿಲ್, ಚಾಕೊಲೇಟ್, ವಾಟರ್ ಬಾಟಲ್. ನೀರಿಲ್ಲದ ಕಡೆಗೆ ವಾಟರ್ ಬಾಟಲ್.

ಎರಡನೇ ಶೀಟನ್ನು ಎರಡು ಟ್ಯಾಬಿನಲ್ಲಿ ಮಾಡಿದೆ. ಒಂದರ ಹೆಸರು ‘ನಾವು’, ಇನ್ನೊಂದರ ಹೆಸರು ‘ಅವರು’. ನಡುವೆ ಒಂದು ರೂಪಾಯಿಯೂ ದಾಟಬಾರದು. ‘ನಾವು’ ಟ್ಯಾಬಿನ ಖರ್ಚು ಹೋಗುವವರ ಜೇಬಿನಿಂದ. ಸಭೆಯವರ ಕಾಣಿಕೆಯೆಲ್ಲ ‘ಅವರು’ ಟ್ಯಾಬಿಗೆ. ಇಂಥ ಪ್ರಯಾಣಕ್ಕೆ ಹೊರಡುವ ಯಾವ ಗುಂಪಿಗಾದರೂ, ಚರ್ಚಿನದಿರಲಿ, ಕಂಪನಿಯ ಸಿಎಸ್‌ಆರ್ ಟೀಮಿನದಿರಲಿ, ನಾನು ಕೊಡಬಹುದಾದ ಬುದ್ಧಿಮಾತು ಇದೊಂದೇ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ ನಮ್ಮ ಹೋಟೆಲ್ ಬಿಲ್ಲಿಗೂ ಸೇವೆಯ ಮುಖ ಬಂದುಬಿಡುತ್ತದೆ.

ಟೀ ಶರ್ಟ್ ಹೋಯಿತು, ಲಾಡ್ಜ್ ಹೋಯಿತು, ಟೆಂಪೊ ಟ್ರಾವೆಲರ್ ಹೋಯಿತು. ಸ್ಲೀಪರ್ ಕ್ಲಾಸ್, ಹೋಗಿ ಬರಲು ತಲೆಗೆ 720. ಚರ್ಚ್ ಹಾಲ್‌ನಲ್ಲಿ ಚಾಪೆ ಮೇಲೆ ಮಲಗುವುದು. ಊಟ ಹಾಸ್ಟೆಲ್ ಅಡುಗೆಮನೆಯಲ್ಲೇ, ಆದರೆ ಪುಕ್ಕಟೆ ಅಲ್ಲ, ದಿನಕ್ಕೆ ತಲೆಗೆ 200 ಮೊದಲೇ ಕಳಿಸುವುದು. ಸ್ಟೇಷನ್ನಿನಿಂದ ಬಾಡಿಗೆ ಗಾಡಿ, ಸಾಮಾನಿಗೆ ಒಂದು ಟಂಟಂ, ಒಟ್ಟು 3,000. ಈ ಶೀಟ್ ಗ್ರೂಪಿಗೆ ಹಾಕಿದ ವಾರದಲ್ಲಿ ಹದಿನಾರು ಜನ ಎಂಟಾದರು. ಯಾರನ್ನೂ ದೂರುವುದಿಲ್ಲ. ಒಬ್ಬರಿಗೆ ಬೆನ್ನುನೋವು, ಒಬ್ಬರಿಗೆ ಲೀವ್ ಇಲ್ಲ, ಒಬ್ಬ ಮಾತ್ರ ನೇರವಾಗಿ ‘ಟೀ ಶರ್ಟೂ ಇಲ್ವಾ?’ ಅಂದ.

ಎಂಟು ಜನರಿಗೆ ಲೆಕ್ಕ 1,695 ಬಂತು, 1,700 ಅಂದೆವು. ನಮ್ಮಲ್ಲಿ ಇಬ್ಬರಿಗೆ ಅದೂ ಭಾರ. ಒಬ್ಬ ಗ್ಯಾರೇಜಿನಲ್ಲಿ ಕೆಲಸ ಮಾಡುವವನು, ಬಂದರೆ ಎರಡು ದಿನದ ದುಡಿಮೆಯೂ ಹೋಗುತ್ತದೆ. ಅವರಿಗೆ ಬೇಡ ಅನ್ನಲೂ ಆಗದು, ಎಲ್ಲರೆದುರು ರಿಯಾಯಿತಿ ಕೊಡಲೂ ಆಗದು. ಅದಕ್ಕೆ ಎಲ್ಲರಿಗೂ ಒಂದೇ ಥರದ ಬಿಳಿ ಕವರ್ ಕೊಟ್ಟೆ. ಹೆಸರು ಬರೆಯಬಾರದು, ಆದಷ್ಟು ಹಾಕಿ ಅಂಟಿಸಿ ಕೊಡಬೇಕು. ಬೇಕಿದ್ದದ್ದು 13,600. ಎಣಿಸಿದಾಗ 13,900 ಇತ್ತು. ಯಾರು ಕಡಿಮೆ ಹಾಕಿದರು, ಯಾರು ಹೆಚ್ಚು ಹಾಕಿದರು, ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳಲು ನನಗೆ ಖುಷಿಯಾಗುವ ಲೆಕ್ಕ ಇದೊಂದೇ.

‘ಅವರು’ ಟ್ಯಾಬಿಗೆ ಹಣ ಸೇರಿಸುವುದರಲ್ಲಿ ಬೇರೆ ಥರದ ತಲೆನೋವು. ಅಮೆರಿಕದಲ್ಲಿರುವ ನನ್ನ ದೊಡ್ಡಪ್ಪನ ಮಗ ಇನ್ನೂರು ಡಾಲರ್ ಕಳಿಸ್ತೀನಿ ಅಂದ. ವಿದೇಶಿ ದೇಣಿಗೆ ಅಂದರೆ ಎಫ್‌ಸಿಆರ್‌ಎ ಕಾಯ್ದೆ. ನೋಂದಣಿ ಇಲ್ಲದ ನಮ್ಮಂಥ ಕೂಟ ಒಂದು ಡಾಲರನ್ನೂ ಮುಟ್ಟುವ ಹಾಗಿಲ್ಲ. ನೋಂದಣಿ ಇದ್ದವರಿಗೂ ಆ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು ಅಂತ 2020ರ ತಿದ್ದುಪಡಿಯಲ್ಲಿ ಆಗಿದೆ. ಆದರೆ ವಿದೇಶದಲ್ಲಿರುವ ಭಾರತೀಯ ಪ್ರಜೆ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಣ್ಣನ ಪಾಸ್‌ಪೋರ್ಟ್ ಇನ್ನೂ ನಮ್ಮದೇ. ಅತ್ತಿಗೆ ಆ ದೇಶದ ಪ್ರಜೆ ಆಗಿದ್ದಾಳೆ. ‘ಅಣ್ಣಾ, ನಿನ್ನ ಎನ್‌ಆರ್‌ಒ ಅಕೌಂಟಿಂದ, ನಿನ್ನ ಹೆಸರಲ್ಲೇ ಕಳಿಸು, ಅತ್ತಿಗೆ ದುಡ್ಡು ಬೇಡ’ ಅಂತ ಮೆಸೇಜ್ ಹಾಕಿದೆ. ಅತ್ತಿಗೆ ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ.

ಆಫೀಸಿನ ಗೆಳೆಯರು ಕೇಳಿದ್ದು ಒಂದೇ: ‘80ಜಿ ಸಿಗುತ್ತಾ?’ ಕೂಟಕ್ಕೆ 80ಜಿ ಇಲ್ಲ. ಇದ್ದ ಸಂಸ್ಥೆಗೆ ಕೊಟ್ಟರೂ ಎರಡು ಸಾವಿರಕ್ಕಿಂತ ಹೆಚ್ಚು ನಗದಾಗಿ ಕೊಟ್ಟರೆ ವಿನಾಯಿತಿ ಇಲ್ಲ, ವಸ್ತುವಾಗಿ ಕೊಟ್ಟರಂತೂ ಇಲ್ಲವೇ ಇಲ್ಲ. ಇದನ್ನು ಹೇಳಿದ ಮೇಲೂ ಮೂವರು ಕೊಟ್ಟರು. ಅವರಲ್ಲಿ ಇಬ್ಬರು ಚರ್ಚಿನೊಳಗೆ ಕಾಲಿಟ್ಟವರೇ ಅಲ್ಲ. ಬಾಗಿಲಿನ ಕಥೆ ಕೇಳಿ ಕೊಟ್ಟರು.

ಇನ್ನೊಂದು ವಿಷಯವನ್ನು ನಮ್ಮ ಹಿರಿಯರು ಎತ್ತಿದರು. 2022ರಲ್ಲಿ ರಾಜ್ಯದಲ್ಲಿ ಮತಾಂತರದ ಕಾಯ್ದೆ ಬಂದಾಗಿನಿಂದ ‘ಉಡುಗೊರೆ’ ಅನ್ನುವ ಮಾತಿಗೇ ಅವರು ಎರಡು ಸಲ ಯೋಚಿಸುತ್ತಾರೆ. ಹಾಸ್ಟೆಲ್‌ನ ಹುಡುಗಿಯರಲ್ಲಿ ಎಲ್ಲ ಮನೆಯವರೂ ಇದ್ದಾರೆ. ಕರಪತ್ರ ಬೇಡ, ಪುಸ್ತಕದ ಮೇಲೆ ವಚನ ಬೇಡ, ಕೊಟ್ಟದ್ದೆಲ್ಲ ಹಾಸ್ಟೆಲ್ ಹೆಸರಿಗೆ ರಸೀದಿ ಸಮೇತ ಇರಲಿ ಅಂತ ತೀರ್ಮಾನಿಸಿದೆವು. ಮೊದಲು ನನಗೆ ಇದು ಹೆದರಿಕೆಯ ಮಾತು ಅನಿಸಿತು. ಆಮೇಲೆ ಯೋಚಿಸಿದರೆ, ಕಾಯ್ದೆ ಇರಲಿ ಬಿಡಲಿ, ಸಂಡಾಸಿನ ಬಾಗಿಲಿನ ಮೇಲೆ ವಚನ ಬರೆಯುವ ಅಗತ್ಯ ಏನಿದೆ?

ಒಟ್ಟು ಸೇರಿದ್ದು 46,000. ಬೆಂಗಳೂರಿನಿಂದ ಏನನ್ನೂ ಹೊತ್ತುಕೊಂಡು ಹೋಗಲಿಲ್ಲ. ಅವೆನ್ಯೂ ರೋಡಿನಲ್ಲಿ ನೋಟ್‌ಬುಕ್ ಸ್ವಲ್ಪ ಅಗ್ಗ ನಿಜ, ಆದರೆ ಗದಗದ ಅಂಗಡಿಯಲ್ಲಿ ಕೊಂಡರೆ ಬಾಗಿಲಿನ ಕೊಂಡಿ ಕಿತ್ತುಹೋದಾಗ ಅಕ್ಕಾರು ಹೋಗಿ ಕೇಳಲು ಅಲ್ಲೊಬ್ಬ ಇರುತ್ತಾನೆ. ನಾಲ್ಕು ಪಿವಿಸಿ ಬಾಗಿಲು 11,200. ಕೂರಿಸಲು ಆ ಗೌಂಡಿಗೆ 3,600. ಮೋಟರ್ ರಿವೈಂಡಿಂಗ್ 4,200. ಟ್ಯಾಂಕ್ ಶುಚಿ ಮತ್ತು ಪೈಪು 2,500. ದಾರಿಗೆ ವೈರಿಂಗ್ ಮತ್ತು ಬಲ್ಬು 1,900. ನೋಟ್‌ಬುಕ್, ಕಂಪಾಸ್ ಬಾಕ್ಸು ನಲವತ್ತಾರು ಜನಕ್ಕೆ 8,280. ಎಲ್ಲ ಸೇರಿ 31,680. ಉಳಿದದ್ದು 14,320.

ಈ ಲೆಕ್ಕ ನೋಡಿದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು. ಇದರಲ್ಲಿ ಯಾವ ಕೆಲಸಕ್ಕೂ ನಾವು ಹೋಗಬೇಕಾಗಿಯೇ ಇಲ್ಲ! ಫೋನಿನಲ್ಲೇ ದುಡ್ಡು ಹಾಕಿದರೆ ಒಂದು ವಾರದಲ್ಲಿ ಬಾಗಿಲು ಕೂರುತ್ತದೆ. ನಮ್ಮ 13,600 ಕೂಡ ಅವರಿಗೇ ಹೋಗುತ್ತದೆ. ಮತ್ತೆ ಯಾಕೆ ಹೋಗುವುದು? ಟೀಚರಮ್ಮನ ಪ್ರಶ್ನೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಅಕ್ಕಾರನ್ನೇ ಕೇಳಿದೆ. ಅವರು ಹೇಳಿದ್ದು: ‘ದುಡ್ಡು ಕಳಿಸಿದ್ರ ಬಾಗಲಾ ಬರ್ತಾವ್ರಿ. ಆದ್ರ ಹತ್ತನೆತ್ತ ಹುಡುಗ್ಯಾರು ಗಣಿತದಾಗ ಹಿಂದದಾರ. ನನಗ ಅದು ಬರೂದಿಲ್ಲ. ಬರೂದಾದ್ರ ಮತ್ತ ಮತ್ತ ಬರ್ರಿ. ಒಮ್ಮೆ ಬಂದು ಅಳಿಸಿ ಹೋಗಬ್ಯಾಡ್ರಿ.’

ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್ ಬಂತು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕಿಟ್ಟೆಲ್ 1853ರಲ್ಲಿ ಬಂದರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ನಲವತ್ತೊಂದು ವರ್ಷ. ಆ ಕಾಲದ ಮಿಷನ್ನಿನ ಬಗ್ಗೆ ನೂರು ತಕರಾರು ಇರಬಹುದು, ಆದರೆ ‘ವೀಕೆಂಡಿಗೆ ಬಂದು ಹೋದರು’ ಅನ್ನುವ ತಕರಾರಂತೂ ಇಲ್ಲ. ನಾವು ಮೂರು ದಿನಕ್ಕೆ ಹೋಗಿ ಅದಕ್ಕೂ ಅದೇ ಹೆಸರು ಇಟ್ಟುಕೊಂಡಿದ್ದೇವೆ.

ಹಾಗಾಗಿ ಶೀಟಿನಲ್ಲಿ ಹೊಸ ಸಾಲು ಸೇರಿಸಿದೆ: ಎರಡನೇ ಸಲ, ಫೆಬ್ರವರಿ. ಮೂರನೇ ಸಲ, ಜೂನ್. ಅದೇ ಎಂಟು ಜನ, ಅದೇ 1,700. ರೈಲಿನಲ್ಲಿ ಈಗ 60 ದಿನ ಮುಂಚೆ ಮಾತ್ರ ಬುಕಿಂಗ್, ಒಂದು ಟಿಕೆಟಿನಲ್ಲಿ ಆರೇ ಜನ. ಅದಕ್ಕೆ ಫೋನಿನಲ್ಲಿ ರಿಮೈಂಡರ್ ಕೂಡ ಹಾಕಿದೆ.

ನವೆಂಬರಿನ ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೋಟರ್ ಹಾಕಿದಾಗ ಟ್ಯಾಂಕ್ ತುಂಬಿ ಹರಿದದ್ದು, ಹುಡುಗಿಯರು ಹೊಸ ಬಾಗಿಲಿನ ಚಿಲಕವನ್ನು ಒಬ್ಬೊಬ್ಬರಾಗಿ ಹೋಗಿ ಹಾಕಿ ತೆಗೆದು ನೋಡಿದ್ದು, ಜೋಳದ ರೊಟ್ಟಿ ಬಡಿಯಲು ಹೋಗಿ ನಾವು ನಗೆಪಾಟಲಾದದ್ದು. ಹತ್ತನೆತ್ತಿಯವರ ಜೊತೆಗೆ ಒಬ್ಬ ಒಂಬತ್ತನೆತ್ತಿ ಹುಡುಗಿಯೂ ಬಂದು ಕೂತು ನನ್ನ ಹತ್ತಿರ ಎರಡು ದಿನ ಬೀಜಗಣಿತ ಹೇಳಿಸಿಕೊಂಡಳು. ಹೊರಡುವಾಗ ಕೇಳಿದಳು: ‘ಅಕ್ಕಾ, ಮತ್ತ ಬರ್ತೀರಿ?’ ನಾನು ಜಂಬದಿಂದ ಹೇಳಿದೆ: ‘ಫೆಬ್ರವರಿ ಎರಡನೇ ಶನಿವಾರ.’ ತಾರೀಕು ಹೇಳಿದ ಖುಷಿ ನನಗೆ. ಅಮ್ಮನ ಸೋಪಿನ ಡಬ್ಬಿಯ ಸಾಲ ತೀರಿಸಿದ ಹಾಗೆ.

ಫೆಬ್ರವರಿ ಬಂತು. ಆಫೀಸಿನಲ್ಲಿ ಆಡಿಟ್. ಆ ಶುಕ್ರವಾರ ಲೀವ್ ಕೇಳಿದರೆ ಮ್ಯಾನೇಜರ್ ಮುಖ ನೋಡಿದರು. ಗಟ್ಟಿಯಾಗಿ ಕೇಳಿದ್ದರೆ ಬಹುಶಃ ಕೊಡುತ್ತಿದ್ದರು. ನಾನು ಕೇಳಲಿಲ್ಲ. ಅಪ್ರೈಸಲ್ ಹತ್ತಿರ ಇತ್ತು. ಏಳು ಜನ ಹೋದರು, ನಾನು ಟಿಕೆಟ್ ಕ್ಯಾನ್ಸಲ್ ಮಾಡಿದೆ. ಗ್ಯಾರೇಜಿನ ಹುಡುಗ ಎರಡು ದಿನದ ಕೂಲಿ ಬಿಟ್ಟು ಹೋಗಿದ್ದ. ಎರಡು ಟ್ಯಾಬ್, ಬಿಳಿ ಕವರ್, ಎರಡನೇ ಸಲದ ಸಾಲು, ಇದನ್ನೆಲ್ಲ ಯೋಚಿಸಿದ ನಾನು ಮನೆಯಲ್ಲಿದ್ದೆ. ಅಮ್ಮ ಏನೂ ಹೇಳಲಿಲ್ಲ. ಸೂಜಿ ಡಬ್ಬಿ ತೆಗೆದುಕೊಂಡು ಒಳಗೆ ಹೋದಳು.

ಜೂನಿನಲ್ಲಿ ಹೋದೆ. ಆ ಹುಡುಗಿ ಈಗ ಹತ್ತನೇ ಕ್ಲಾಸು. ಎಲ್ಲರೂ ಬಂದು ಕೈ ಹಿಡಿದರು, ಅವಳು ದೂರ ಕೂತಿದ್ದಳು. ಸಂಜೆ ತಾನೇ ಪುಸ್ತಕ ಹಿಡಿದು ಬಂದಳು. ‘ಹ್ವಾದ ಸಲ ನೀವು ಬರಲಿಲ್ಲ’ ಅಂದಳು. ಹೌದು ಅಂದೆ. ಆಫೀಸು, ಆಡಿಟ್ಟು ಅಂತ ವಿವರಿಸಲು ಹೋಗಲಿಲ್ಲ. ಅವಳು ಪುಸ್ತಕ ತೆರೆದು, ಗುರುತು ಹಾಕಿ ಇಟ್ಟಿದ್ದ ಲೆಕ್ಕ ತೋರಿಸಿದಳು. ಫೆಬ್ರವರಿಯಿಂದ ಇಟ್ಟಿದ್ದು. ಅಷ್ಟರಲ್ಲಿ ಅವರ ಟೀಚರು ಅದನ್ನು ಬಿಡಿಸಿ ಕೊಟ್ಟಾಗಿತ್ತು. ಆದರೂ ನನ್ನಿಂದ ಒಂದು ಸಲ ಮಾಡಿಸಿ ನೋಡಿದಳು, ಉತ್ತರ ತಾಳೆಯಾಗುತ್ತಾ ಅಂತ.

ನವೆಂಬರಿನ ಟಿಕೆಟ್ ಬುಕಿಂಗಿಗೆ ಸೆಪ್ಟೆಂಬರಿನಲ್ಲಿ ರಿಮೈಂಡರ್ ಇದೆ. ಲೀವ್ ಅನ್ನು ಮಾತ್ರ ಈ ಸಲ ಈಗಲೇ ಹಾಕಿದ್ದೇನೆ. ‘ನಾವು’ ಟ್ಯಾಬಿನಲ್ಲಿ ಅದಕ್ಕೂ ಒಂದು ಸಾಲು ಮಾಡಿದ್ದೇನೆ, ಎದುರಿಗೆ ರೂಪಾಯಿ ಬರೆದಿಲ್ಲ.